ಬಂದರಿಕೆ ಗಿಡವನ್ನು ಪುಟ್ಟ ಮರವಾಗಿ ಬೆಳೆಸುವುದು

ಚಾಮುಂಡಿ ಬೆಟ್ಟದ ಕಲ್ಲುನೆಲದಲ್ಲಿ, ಮೇಲುಕೋಟೆ ಕಡೆಯ ಕುರುಚಲು ಗುಡ್ಡಗಳಲ್ಲಿ ಪೊದೆಯಾಗಿ ಹಬ್ಬುವ ಬಂದರಿಕೆಯನ್ನು ಎಳೆಯದರಲ್ಲೇ ಒಂದು ಕಾಂಡಕ್ಕೆ ತಿದ್ದಿದರೆ 10-12 ಅಡಿಯ ಮರವಾಗುತ್ತದೆ. ವರ್ಷವಿಡೀ ಹಸಿರು. ಮೇಕೆ ಮೂಸಿ ನೋಡಿ ಮುಂದೆ ಹೋಗುತ್ತದೆ, ಬೇಲಿಯ ಖರ್ಚಿಲ್ಲ.

ಗುಡ್ಡದಿಂದ ಗಿಡ ಕಿತ್ತು ತರಬೇಡಿ, ಬೇರು ಹರಿದು ಒಣಗುವುದೇ ಹೆಚ್ಚು. ಹೊಲದ ಬದುವಿನ ಗಿಡದಲ್ಲಿ ರೆಕ್ಕೆಕಾಯಿ ಕಂದಾದಾಗ ಬಿಡಿಸಿ, ಉಜ್ಜಿ, ಕಪ್ಪು ಬೀಜ ತೆಗೆಯಿರಿ. ಸಿಪ್ಪೆ ಗಟ್ಟಿ, ನೀರು ಒಳಗಿಳಿಯದು. ಕುದಿಸಿ ಇಳಿಸಿದ ನೀರನ್ನು ಮೇಲೆ ಸುರಿದು ರಾತ್ರಿಯಿಡೀ ಬಿಡಿ. ಉಬ್ಬಿದ ಬೀಜವನ್ನು ಬಿತ್ತಿ, ಉಬ್ಬದ್ದಕ್ಕೆ ಮತ್ತೊಮ್ಮೆ ಬಿಸಿನೀರು. ಕೆಮ್ಮಣ್ಣು 2 ಪಾಲು, ಮರಳು 1, ಹಳೆಗೊಬ್ಬರ 1 ಬೆರೆಸಿದ ಚೀಲದಲ್ಲಿ ಅರ್ಧ ಸೆಂಟಿಮೀಟರ್ ಆಳ ಸಾಕು. ಬೇಸಿಗೆಯ ಆರಂಭದಲ್ಲಿ ಬಿತ್ತಿದರೆ ಮುಂಗಾರಿಗೆ ನೆಡಲು ಸಸಿ ಸಿದ್ಧ. ಗಂಡು, ಹೆಣ್ಣು ಸಾಮಾನ್ಯವಾಗಿ ಬೇರೆ ಬೇರೆ ಗಿಡ. ಕೆಂಪು ಛಾಯೆಯ ಕಾಯಿಗೊಂಚಲು ಬೇಕಿದ್ದರೆ ಮೂರ್ನಾಲ್ಕು ಸಸಿ ನೆಡಿ, ಹೂ ಬರುವವರೆಗೆ ಯಾವುದು ಯಾವುದೆಂದು ತಿಳಿಯದು.

ಮೈಸೂರಿನ ಕೆಂಪು ಮರಳುಮಣ್ಣಿನಲ್ಲಿ ಒಂದೂವರೆ ಅಡಿ ಗುಂಡಿ ತೋಡಿದರೆ ಆಯಿತು. ಮಂಡ್ಯದ ನಾಲೆ ಬಯಲಿನಲ್ಲಿ ಕತೆಯೇ ಬೇರೆ: ಗದ್ದೆಯ ತೇವ ಬೇರಿಗೆ ತಾಗಿದರೆ ಅದು ಕೊಳೆತು ಗಿಡ ಬಾಡುತ್ತದೆ. ಬಾಡಿದೆಯೆಂದು ಜನ ಇನ್ನಷ್ಟು ನೀರು ಹುಯ್ಯುತ್ತಾರೆ. ಅಲ್ಲಿ ಒಂದಡಿ ದಿಬ್ಬ ಏರಿಸಿ ನೆಡಬೇಕು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಬಿಂದಿಗೆ. ಬೇರು ಹಿಡಿದ ಮೇಲೆ ಮಳೆಯೇ ಸಾಕು. ಯೂರಿಯಾ ಬೇಡ, ಉದ್ದುದ್ದ ಮೆದು ಕುಡಿ ಚಾಚಿ ಗಾಳಿಗೆ ಬಾಗುತ್ತದೆ.

ಕತ್ತರಿಯ ಕೆಲಸದಲ್ಲಿ ಅವಸರ ಸಲ್ಲದು. ಮೊದಲ ವರ್ಷ ನೆಟ್ಟಗಿರುವ ಒಂದು ಕುಡಿ ಆರಿಸಿ, ಬಿದಿರು ಗೂಟಕ್ಕೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ಪೈಪೋಟಿಯ ಕೊಂಬೆಗಳನ್ನು ಬುಡಕ್ಕೆ ಸವರದೆ ತುದಿ ಚಿವುಟಿ ಮೊಟಕು ಮಾಡಿ. ಪಕ್ಕದ ಎಲೆಗಳೇ ಕಾಂಡವನ್ನು ದಪ್ಪ ಮಾಡುವುದು. ಎಲ್ಲವನ್ನೂ ಒಮ್ಮೆಗೇ ತೆಗೆದರೆ ಉಳಿಯುವುದು ತಲೆಭಾರದ ಬೆತ್ತ. ಎರಡನೇ ವರ್ಷದಿಂದ, ಕಾಯಿ ಉದುರಿ ಮೇ ತಿಂಗಳ ಮಳೆ ಒಂದೆರಡು ಬಿದ್ದ ಮೇಲೆ, ಕೆಳಗಿನ ಕೊಂಬೆ ಒಂದೊಂದಾಗಿ ತೆಗೆಯಿರಿ. ಒಂದು ಸಲಕ್ಕೆ ಹಸಿರಿನ ಕಾಲು ಭಾಗ ಮೀರಬಾರದು, ಗಿಡದ ಎತ್ತರದ ಮೇಲಿನ ಮೂರರಲ್ಲಿ ಎರಡು ಪಾಲು ಎಲೆ ತುಂಬಿರಬೇಕು. ಕೊಂಬೆ ಹುಟ್ಟುವಲ್ಲಿನ ಉಬ್ಬು ಬಿಟ್ಟು ಕತ್ತರಿಸಿ. ಹೆಬ್ಬೆರಳಿಗಿಂತ ದಪ್ಪನೆಯದಕ್ಕೆ ಗರಗಸವನ್ನು ಮೊದಲು ಕೆಳಗಿನಿಂದ ಆಡಿಸಿ, ಇಲ್ಲವಾದರೆ ತೊಗಟೆ ಸೀಳಿ ಬರುತ್ತದೆ.

ಕಾಂಡ ಐದಡಿ ದಾಟಿ ಗೂಟವಿಲ್ಲದೆ ನಿಂತಾಗ ತುದಿ ಚಿವುಟಿ. ಬರುವ ಕವಲುಗಳಲ್ಲಿ ನಾಲ್ಕು ದಿಕ್ಕಿಗೆ ನಾಲ್ಕನ್ನು ಉಳಿಸಿ. ಬುಡದ ಚಿಗುರನ್ನು ಎಳೆಯದಾಗಿರುವಾಗಲೇ ಬೆರಳಲ್ಲಿ ಉಜ್ಜಿ ಕಳೆಯಿರಿ.

ನೆನಪಿಡಬೇಕಾದ ಅಪಾಯ ಒಂದೇ: ಕೊಂಬೆಯ ಎಲೆಯಿಲ್ಲದ, ಬಲಿತ ಭಾಗಕ್ಕೆ ಕತ್ತರಿ ಹಾಕಿದರೆ ಅಲ್ಲಿಂದ ಮತ್ತೆ ಚಿಗುರುವ ಭರವಸೆ ಕಡಿಮೆ. ಹಾಗಾಗಿ ತಲೆಯನ್ನು ವರ್ಷಕ್ಕೊಮ್ಮೆ ನಾಲ್ಕೈದು ಇಂಚು ಮಾತ್ರ, ಪ್ರತಿ ಕಡ್ಡಿಯಲ್ಲೂ ಎಲೆ ಉಳಿಯುವಂತೆ ಸವರಿ. ವರ್ಷಗಟ್ಟಲೆ ಬಿಟ್ಟು ಒಳಗೆ ಬೋಳಾದ ಗಿಡವನ್ನು ಗಿಡ್ಡ ಮಾಡಲು ಹೋಗುವುದಕ್ಕಿಂತ, ಅದರ ಬೀಜದಿಂದ ಹೊಸ ಸಸಿ ಮಾಡಿಕೊಳ್ಳುವುದೇ ಸಲೀಸು.