ಅನುದಾನಕ್ಕೂ ಮೊದಲು ಲೆಕ್ಕ: ಊರಿನ ಶಾಲಾ ಕಟ್ಟಡಗಳಿಗೆ ಪಂಚಾಯಿತಿ ಯೋಜನೆ ಮಾಡುವುದು ಹೇಗೆ?

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಗ್ರಾಮದಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು. ಎಲ್ಲ ಶಾಲೆಗಳ ಸುರಕ್ಷತೆ ಪರಿಶೀಲಿಸಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ ರಾಜ್ಯಗಳಿಗೆ ಸೂಚನೆ ಕೊಟ್ಟಿದ್ದು ಆಮೇಲೆ. ನಮ್ಮ ಗ್ರಾಮ ಪಂಚಾಯಿತಿಗಳು ಅಂಥ ಸೂಚನೆಗೆ ಕಾಯಬೇಕಾಗಿಲ್ಲ. ಪಂಚಾಯಿತಿ ಸದಸ್ಯರು, ಎಸ್‌ಡಿಎಂಸಿಯವರು (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಪೋಷಕರು ಒಟ್ಟಿಗೆ ಕೂತರೆ ಊರಿನ ಶಾಲೆಗಳಿಗೆ ಒಂದು ಗಟ್ಟಿ ಯೋಜನೆ ಮಾಡಿಕೊಳ್ಳಬಹುದು.

ಈಗ ಸಾಮಾನ್ಯವಾಗಿ ನಡೆಯುವುದು ಉಲ್ಟಾ. ಅನುದಾನ ಬಂದಿದೆ ಎಂದು ಗೊತ್ತಾಗುತ್ತದೆ, ಆಮೇಲೆ ಎಲ್ಲಿ ಕೊಠಡಿ ಕಟ್ಟೋಣ ಎಂದು ಹುಡುಕಾಟ ಶುರುವಾಗುತ್ತದೆ. ಹೊಸ ಕೊಠಡಿ ಬೇಡದ ಕಡೆ ಏಳುತ್ತದೆ, ಪಕ್ಕದ ಊರಲ್ಲಿ ಮಕ್ಕಳು ಸೋರುವ ಸೂರಿನ ಕೆಳಗೇ ಇರುತ್ತಾರೆ. ಇದು ತಪ್ಪಬೇಕಾದರೆ ಲೆಕ್ಕ ಮೊದಲು ಬರಬೇಕು.

ಮಕ್ಕಳ ಲೆಕ್ಕ ಅಂಗನವಾಡಿಯಲ್ಲಿ ಸಿಗುತ್ತದೆ

ಮುಂದೆ ಒಂದನೇ ತರಗತಿಗೆ ಎಷ್ಟು ಮಕ್ಕಳು ಬರುತ್ತಾರೆ ಎಂದು ಊಹಿಸಬೇಕಾಗಿಲ್ಲ. ಅಂಗನವಾಡಿ ಕಾರ್ಯಕರ್ತೆಯ ದಾಖಲೆಯಲ್ಲಿ ಹುಟ್ಟಿದ ಕೂಸಿನಿಂದ ಆರು ವರ್ಷದ ಮಗುವಿನವರೆಗೆ ಎಲ್ಲರ ಹೆಸರೂ ಇರುತ್ತದೆ. ವಯಸ್ಸಿನ ಪ್ರಕಾರ ಬೇರೆ ಮಾಡಿ ಬರೆದುಕೊಂಡರೆ ಐದಾರು ವರ್ಷದ ಚಿತ್ರ ಒಂದೇ ಹಾಳೆಯಲ್ಲಿ ಕಾಣುತ್ತದೆ. ಖಾಸಗಿ ಶಾಲೆಯ ವ್ಯಾನ್ ಹತ್ತುವ ಮಕ್ಕಳನ್ನೂ ಬೇರೆಯಾಗಿ ಬರೆಯಿರಿ. ಶಾಲೆ ಚೆನ್ನಾದರೆ ಅವರಲ್ಲಿ ಕೆಲವರು ವಾಪಸ್ ಬರಬಹುದು, ಅಲ್ವಾ?

ಇನ್ನು ಕೊಠಡಿ ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90 ಮಕ್ಕಳಿದ್ದರೆ ಮೂವರು. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ, ಜೊತೆಗೆ ಕಚೇರಿಗೆ, ಮುಖ್ಯ ಶಿಕ್ಷಕರಿಗೆ ಒಂದು. ಒಂದು ಶಾಲೆಯಲ್ಲಿ 74 ಮಕ್ಕಳಿದ್ದಾರೆ ಎಂದುಕೊಳ್ಳಿ. ಮೂರು ತರಗತಿ ಕೊಠಡಿ, ಒಂದು ಕಚೇರಿ ಬೇಕು. ಅಂಗನವಾಡಿ ಹಾಳೆ ನೋಡಿದರೆ ವರ್ಷಕ್ಕೆ ಎಂಟೇ ಮಕ್ಕಳು ಬರುವಂತಿದೆ. ಅಂದರೆ ಐದು ವರ್ಷದಲ್ಲಿ ಸಂಖ್ಯೆ 40ಕ್ಕೆ ಇಳಿಯುತ್ತದೆ. ಅಲ್ಲಿ ಹೊಸ ಕೊಠಡಿಗಿಂತ ಇರುವ ಮೂರರ ಸೂರು ಗಟ್ಟಿ ಮಾಡುವುದೇ ಸರಿ. ಆದರೆ ಒಂದು ವಿಷಯ ಮರೆಯಬೇಡಿ. ನಲಿಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಲಿಯುತ್ತಾರೆ. ಆ ಕೊಠಡಿ ವಿಶಾಲವಾಗಿರಲೇಬೇಕು.

ಕಟ್ಟಡವನ್ನು ಕೈ ಮುಟ್ಟಿ ನೋಡಿ

ಎಂಜಿನಿಯರ್ ಬರುವ ಮೊದಲು ನೀವೇ ಒಂದು ಸುತ್ತು ಹಾಕಿ. ಒಂದು ಪೆನ್ಸಿಲ್, ಒಂದು ಬಿದಿರು ಕೋಲು, ಫೋಟೊ ತೆಗೆಯಲು ಫೋನ್ ಸಾಕು.

ಗೋಡೆಯಲ್ಲಿ ಬಿರುಕು ಕಂಡರೆ ಅದು ಮುಗಿಯುವ ಜಾಗದಲ್ಲಿ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದೆರಡು ತಿಂಗಳು ಬಿಟ್ಟು ನೋಡಿ. ಬಿರುಕು ಗೆರೆ ದಾಟಿದ್ದರೆ ಅದು ಇನ್ನೂ ಬೆಳೆಯುತ್ತಿದೆ. ಗಾರೆಯ ಮೇಲಿನ ಕೂದಲೆಳೆ ಗೆರೆಗಳಿಗೆ ಜಾಸ್ತಿ ಹೆದರಬೇಕಾಗಿಲ್ಲ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಿರುವ ಬಿರುಕು ಮಾತ್ರ ಪಾಯ ಕುಸಿಯುತ್ತಿರುವ ಗುರುತಾಗಿರಬಹುದು.

ಆರ್‌ಸಿಸಿ ಛಾವಣಿಯಲ್ಲಿ ಕಂದು ಬಣ್ಣದ ಕಲೆ ಇದೆಯೇ ನೋಡಿ. ಸೋರಿದ ನೀರು ಒಳಗಿನ ಕಂಬಿ ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ತಳ್ಳುತ್ತದೆ. ಒಂದು ದಿನ ಚಕ್ಕೆ ಕಳಚಿ ಬೆಂಚಿನ ಮೇಲೆ ಬೀಳುತ್ತದೆ. ಮಕ್ಕಳನ್ನು ಹೊರಗೆ ಕಳಿಸಿ, ಪಕ್ಕಕ್ಕೆ ನಿಂತು ಕೋಲಿನಿಂದ ಮೆಲ್ಲಗೆ ತಟ್ಟಿದರೆ ಪೊಳ್ಳಾದ ಜಾಗ ಬೇರೆಯೇ ಸದ್ದು ಮಾಡುತ್ತದೆ. ಇಂಥ ಛಾವಣಿಗೆ ಸುಣ್ಣ ಬಣ್ಣ ಹೊಡೆಸುವುದು ಅಪಾಯ, ಏಕೆಂದರೆ ಕಲೆ ಮುಚ್ಚಿಹೋಗುತ್ತದೆ. ಬಣ್ಣಕ್ಕೆ ದಾನಿಗಳು ಬೇಗ ಸಿಗುತ್ತಾರೆ, ಆದರೂ ಸೂರಿನ ಕೆಲಸ ಆಗುವವರೆಗೆ ಬಣ್ಣ ಬೇಡ ಎಂದು ಹೇಳುವ ಧೈರ್ಯ ಮಾಡಿ.

ಮಲೆನಾಡು, ಕರಾವಳಿಯ ಹೆಂಚಿನ ಶಾಲೆಗಳಲ್ಲಿ ನೋಡಬೇಕಾದ್ದು ಪಕ್ಕಾಸು (ಸೂರು ಹೊರುವ ಮರದ ತೊಲೆ) ಗೋಡೆಯ ಮೇಲೆ ಕೂರುವ ಜಾಗ. ಒಡೆದ ಒಂದೆರಡು ಹೆಂಚಿನಿಂದ ಇಳಿದ ನೀರು ಅಲ್ಲೇ ನಿಲ್ಲುತ್ತದೆ, ಗೆದ್ದಲೂ ಅಲ್ಲೇ ಹತ್ತುತ್ತದೆ. ಹೆಂಚು, ಅದರಡಿಯ ರೀಪು ಪಟ್ಟಿ ಬದಲಾಯಿಸಿ ವರ್ಷ ವರ್ಷ ನೋಡಿಕೊಂಡರೆ ಹಳೆಯ ಹೆಂಚಿನ ಕಟ್ಟಡ ತುಂಬ ಕಾಲ ಬಾಳುತ್ತದೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಕೆಡವಬೇಡಿ.

ಈ ಪಟ್ಟಿ, ಫೋಟೊ ಇಟ್ಟುಕೊಂಡು ಎಂಜಿನಿಯರ್ ತಪಾಸಣೆಗೆ ಬರಹದಲ್ಲಿ ಕೇಳಿ. ವರದಿಯೂ ಬರಹದಲ್ಲೇ ಬರಲಿ: ಯಾವ ಕೊಠಡಿ ಬಳಸಬಹುದು, ಯಾವುದು ರಿಪೇರಿಗೆ, ಯಾವುದರ ಒಳಗೆ ಹೋಗಲೇಬಾರದು. ಅಪಾಯದ ಕೊಠಡಿಗೆ ಬೀಗ ಹಾಕಿದರೆ ಸಾಲದು, ಸುತ್ತ ಬೇಲಿಯೂ ಬೇಕು. ಬಿಡುವಿನಲ್ಲಿ ಮಕ್ಕಳು ಅದೇ ಗೋಡೆಯ ನೆರಳಲ್ಲಿ ಆಡುತ್ತಾರೆ.

ಶೌಚಾಲಯವನ್ನು ಎಣಿಸಿ ಬಿಡಬೇಡಿ, ನಲ್ಲಿ ತಿರುಗಿಸಿ ನೋಡಿ. ಗಾಲಿಕುರ್ಚಿಯ ಇಳಿಜಾರನ್ನು ಅಳೆಯಿರಿ: ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ನಾಲ್ಕಡಿ ಉದ್ದಕ್ಕೆ ಸುಮ್ನೆ ಸಿಮೆಂಟ್ ಮೆತ್ತಿದ್ದರೆ ಯಾವ ಮಗುವೂ ಹತ್ತಲಾರದು.

ಜಾಗ ಯಾರ ಹೆಸರಲ್ಲಿದೆ?

ಎಷ್ಟೋ ಶಾಲೆಗಳು ಊರಿನ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿವೆ. ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರುತ್ತಾರೆ. ಆದರೆ ಪಹಣಿಯಲ್ಲಿ ಹೆಸರು ಬದಲಾಗಿರುವುದಿಲ್ಲ. ಮಂಜೂರಾದ ಕೊಠಡಿ ತಕರಾರಿನಲ್ಲಿ ನಿಂತುಹೋಗುವುದು ಇಲ್ಲೇ. ಪಹಣಿ, ದಾನಪತ್ರ, ಇ-ಸ್ವತ್ತು (ಪಂಚಾಯಿತಿಯ ಆನ್‌ಲೈನ್ ಆಸ್ತಿ) ದಾಖಲೆ ಇವೆಯೇ ನೋಡಿ. ಇಲ್ಲದಿದ್ದರೆ ಹಿರಿಯರು ಇರುವಾಗಲೇ ದಾನಪತ್ರ ನೋಂದಾಯಿಸಿ, ಸರ್ವೆ ಮಾಡಿಸಿ ಹದ್ದುಬಸ್ತು ಗುರುತಿಸಿಕೊಳ್ಳಿ.

ಯಾವ ಕೆಲಸಕ್ಕೆ ಯಾರ ಬಳಿ ಹೋಗಬೇಕು

ಹೊಸ ಕೊಠಡಿ, ದೊಡ್ಡ ರಿಪೇರಿ ಶಿಕ್ಷಣ ಇಲಾಖೆ, ಜಿಲ್ಲಾ ಪಂಚಾಯಿತಿಯ ಕಡೆಯಿಂದ ಆಗಬೇಕು. ಶಾಸಕರ ನಿಧಿಗೂ ಕೇಳಬಹುದು. ಕಲ್ಯಾಣ ಕರ್ನಾಟಕದಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ನೀರು, ಶೌಚಾಲಯ, ಚರಂಡಿ, ದಾರಿ ಪಂಚಾಯಿತಿಯ ಕೈಯಲ್ಲೇ ಇರುವ ಕೆಲಸ. ಉದ್ಯೋಗ ಖಾತರಿಯಲ್ಲಿ ಕಾಂಪೌಂಡ್, ಆಟದ ಮೈದಾನ ಮಾಡಿಸಿಕೊಂಡ ಪಂಚಾಯಿತಿಗಳು ರಾಜ್ಯದಲ್ಲಿ ಬೇಕಾದಷ್ಟಿವೆ.

ಮಕ್ಕಳು ಕಡಿಮೆಯಾದ ಶಾಲೆ

ಇದು ಎಲ್ಲಕ್ಕಿಂತ ಕಷ್ಟದ ಮಾತು. ಹತ್ತು ಮಕ್ಕಳ ಶಾಲೆಯನ್ನು ಪಕ್ಕದ ಊರಿಗೆ ಸೇರಿಸೋಣ ಎಂಬ ಪ್ರಸ್ತಾವ ಬಂದರೆ ನಕ್ಷೆಯ ಮೇಲಿನ ದೂರ ನಂಬಬೇಡಿ. ಆರು ವರ್ಷದ ಮಗು ಮಳೆಗಾಲದಲ್ಲಿ ನಡೆಯುವ ದಾರಿಯನ್ನೇ ನಡೆದು ನೋಡಿ. ನಡುವೆ ಹಳ್ಳ ಇದೆಯೇ, ಹೆದ್ದಾರಿ ದಾಟಬೇಕೇ? ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗೆ ಇರಬೇಕು ಎಂದು ನಿಯಮವೇ ಹೇಳುತ್ತದೆ. ನನ್ನ ಮಟ್ಟಿಗೆ, ದಾರಿ ಸುರಕ್ಷಿತವಲ್ಲದಿದ್ದರೆ ಹತ್ತು ಮಕ್ಕಳಿಗೂ ಶಾಲೆ ಉಳಿಯಬೇಕು. ಖಾಲಿ ಬಿದ್ದ ಗಟ್ಟಿ ಕೊಠಡಿಗಳನ್ನು ಅಂಗನವಾಡಿಗೋ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಗೋ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೋ ಕೊಡಬಹುದು. ಜನ ಓಡಾಡುವ ಕಟ್ಟಡದ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ.

ಗ್ರಾಮಸಭೆಗೆ ತನ್ನಿ, ಬೇಸಿಗೆಗೆ ಮುಗಿಸಿ

ಎಸ್‌ಡಿಎಂಸಿ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಎಲ್ಲ ಶಾಲೆಗಳ ಯೋಜನೆಗಳನ್ನು ಒಟ್ಟಿಗೆ ಇಟ್ಟು, ಅಪಾಯ ಜಾಸ್ತಿ ಇರುವ ಶಾಲೆಗೆ ಮೊದಲ ಸರದಿ ಕೊಡಿ. ನಿಮ್ಮ ವಾರ್ಡಿನದ್ದು ಎರಡನೆಯದಾದರೂ ಒಪ್ಪಿಕೊಳ್ಳಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳನ್ನೂ ಕೇಳಿ, ಹೆಣ್ಣುಮಕ್ಕಳನ್ನು ಶೌಚಾಲಯದ ಬಗ್ಗೆ ಶಿಕ್ಷಕಿಯೊಬ್ಬರು ಬೇರೆಯಾಗಿ ಕೇಳಲಿ.

ಸೂರಿನ ಕೆಲಸಕ್ಕೆ ಸಿಗುವುದು ಏಪ್ರಿಲ್, ಮೇ ರಜೆ ಮಾತ್ರ. ಹಾಗಾಗಿ ಅಂದಾಜು ಪಟ್ಟಿ ಜನವರಿಗೆ ಕೈಯಲ್ಲಿರಬೇಕು. ಮಳೆ ಶುರುವಾದ ಮೇಲೆ ಹೆಂಚು ಇಳಿಸಲಾಗದು. ನಡಾವಳಿಯಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂದು ಬರೆದರೆ ಒಪ್ಪಬೇಡಿ. ಯಾವ ಶಾಲೆ, ಯಾವ ಕೊಠಡಿ, ಏನು ಕೆಲಸ, ಯಾವ ಹಣ, ಯಾವ ತಿಂಗಳೊಳಗೆ ಎಂದು ಬರೆಸಿ. ಅದರ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ತಾಲ್ಲೂಕು ಪಂಚಾಯಿತಿಗೂ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆದುಕೊಳ್ಳಿ.