ಮೊದಲು ಅಳತೆ ಕೇಳಿ, ಆಮೇಲೆ ಬಟ್ಟೆ ಕೂಡಿಸಿ

ಕಲಬುರಗಿಯಲ್ಲಿ ಕೊಡೋ ಕೈಗೆ ಬರ ಇಲ್ಲ. ಮಕ್ಕಳಿಗೆ ಬಟ್ಟೆ ಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತು ಹಾಕಿದ್ರೆ ಸಾಕು, ಗಂಟುಗಟ್ಟಲೆ ಬಟ್ಟೆ ಬರುತ್ತೆ. ಆದ್ರೆ ಬರೋದು ಜಾಸ್ತಿ ಎಳೆ ಕೂಸಿನ ಅಂಗಿ, ಒಂದೇ ಸಲ ಹಾಕಿದ ಜಾಲರಿ ಫ್ರಾಕು. ಫಾಸ್ಟರ್ ಕೇರ್‌ನಲ್ಲಿ, ಅಂದ್ರೆ ಹೆತ್ತವರ ಹತ್ತಿರ ಇರಲಾಗದೆ ಬೇರೆ ಕುಟುಂಬದಲ್ಲಿ ಬೆಳೀತಿರೋ ಮಕ್ಕಳಲ್ಲಿ, ಆರು ವರ್ಷ ದಾಟಿದವರೇ ಹೆಚ್ಚು. ಹದಿಮೂರರ ಹುಡುಗನಿಗೆ ಆಗೋ ಪ್ಯಾಂಟು ಮಾತ್ರ ಆ ರಾಶಿಯಲ್ಲಿ ಸಿಗೋದೇ ಇಲ್ಲ.

ಹಾಗಾಗಿ ಬಟ್ಟೆ ಕೂಡಿಸೋಕೆ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಮಾತಾಡಿ. ಮಗು ಯಾವ ಮನೆಗೆ ಹೋಗಬೇಕು ಅಂತ ಆದೇಶ ಮಾಡೋದು ಮಕ್ಕಳ ಕಲ್ಯಾಣ ಸಮಿತಿ, ಆಮೇಲೆ ವಿಚಾರಿಸಿಕೊಳ್ಳೋದು ಈ ಘಟಕದವರು. ಮಗುವಿನ ಹೆಸರು, ಊರು, ಮನೆ ಕೇಳಬೇಡಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಗುರುತು ಬಯಲು ಮಾಡೋ ಹಾಗೇ ಇಲ್ಲ. ವಯಸ್ಸು, ಹುಡುಗನೋ ಹುಡುಗಿಯೋ, ಎದೆ-ಸೊಂಟದ ಅಳತೆ, ಇಷ್ಟು ಸಿಕ್ಕರೆ ಸಾಕು. ಚಪ್ಪಲಿ, ಬೂಟಿಗೆ ನಂಬರ್ ಕೇಳೋದಕ್ಕಿಂತ, ಮಗುವನ್ನು ಹಾಳೆ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆದು ಕಳಿಸಿ ಅಂತ ಹೇಳಿ, ಆ ಹಾಳೆ ಹಿಡಿದು ಅಂಗಡಿಗೆ ಹೋಗಿ ಹೆಬ್ಬೆರಳ ಮುಂದೆ ಒಂದು ಬೆರಳು ಜಾಗ ಬಿಟ್ಟು ತಗೊಳ್ಳಿ.

ಒಳ ಉಡುಪು, ಟವೆಲ್, ಬಾಚಣಿಗೆ ಹೊಸದೇ ಆಗಬೇಕು. ಇದರಲ್ಲಿ ರಾಜಿ ಬೇಡ. ಹಳೆ ಬಟ್ಟೆ ಆದ್ರೆ ಒಗೆದು, ಇಸ್ತ್ರಿ ಮಾಡಿ, ಜಿಪ್ ಎಳೆದು ನೋಡಿ, ಗುಂಡಿ ಹೋಗಿದ್ರೆ ಹಚ್ಚಿ. ನಿಮ್ಮ ಮಗಳಿಗೆ ಹಾಕಿ ಕಳಿಸೋಕೆ ಮನಸ್ಸು ಬರಲ್ಲ ಅಂದ್ರೆ ಅದನ್ನ ಕೊಡಬೇಡಿ. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಕಾಟನ್ ಬಿಟ್ಟು ಬೇರೆ ಯೋಚನೆ ಬೇಡ. ಬೀದರ್ ಕಡೆ ಕಳಿಸೋದಾದ್ರೆ ಡಿಸೆಂಬರಿಗೆ ಮುಂಚೆ ಸ್ವೆಟರ್, ದಪ್ಪ ಚಾದರ ಸೇರಿಸಿ. ದೊಡ್ಡ ಹುಡುಗಿಯರಿಗೆ ಚೂಡಿದಾರ್ ಪೀಸ್ ಕೊಡೋರು ಹೊಲಿಗೆ ದುಡ್ಡೂ ಕೊಡಿ, ಇಲ್ಲಾಂದ್ರೆ ಅದು ಟ್ರಂಕಿನಲ್ಲೇ ಉಳಿಯುತ್ತೆ. ಪ್ಯಾಡ್ ಮರೀಬೇಡಿ, ಕೇಳೋಕೆ ಅವರು ನಾಚಿಕೊಳ್ಳುತ್ತಾರೆ.

ಸರ್ಕಾರ ಕೊಡಲ್ವಾ ಅಂತ ಕೆಲವರು ಕೇಳ್ತಾರೆ. ಕೊಡುತ್ತೆ. ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಆದ್ರೆ ಮಗು ಮನೆಗೆ ಬಂದ ಮೊದಲ ವಾರದಲ್ಲೇ ಹಾಸಿಗೆಯಿಂದ ಹಿಡಿದು ಹಲ್ಲುಜ್ಜೋ ಬ್ರಷ್‌ವರೆಗೆ ಎಲ್ಲಾ ಒಟ್ಟಿಗೆ ಬೇಕಾಗುತ್ತೆ, ನಮ್ಮ ನೆರವು ಕೆಲಸಕ್ಕೆ ಬರೋದು ಅಲ್ಲೇ.

ಎಲ್ಲವನ್ನೂ ಒಂದು ಗಟ್ಟಿ ಬ್ಯಾಗಿನಲ್ಲಿ ತುಂಬಿ ಕೊಡಿ, ಸಿಮೆಂಟ್ ಚೀಲದಲ್ಲಿ ಬೇಡ. ಮಗು ನಾಳೆ ಬೇರೆ ಮನೆಗೆ ಹೋಗಬೇಕಾದ್ರೂ, ಹೆತ್ತವರ ಹತ್ತಿರ ವಾಪಸ್ ಹೋದ್ರೂ ಆ ಬ್ಯಾಗ್ ಅದರದ್ದೇ. ಒಳಗೆ ಎರಡು ನೋಟ್‌ಬುಕ್ಕು, ಬಣ್ಣದ ಪೆನ್ಸಿಲ್ಲು ಇಡಿ. ದಾನಿಗಳ ಹೆಸರಿನ ಸ್ಟಿಕರ್ ಬೇಡ, ಬ್ಯಾಗ್ ಕೊಡುವಾಗ ಮಗುವಿನ ಜೊತೆ ಫೋಟೋ ಅಂತೂ ಬೇಡವೇ ಬೇಡ. ಘಟಕದ ಕಚೇರಿಯಲ್ಲೇ ಕೊಟ್ಟು, ಏನೇನು ಕೊಟ್ಟಿರಿ ಅಂತ ಪಟ್ಟಿ ಬರೆದು ಸಹಿ ಹಾಕಿಸಿಕೊಂಡು, ಅದನ್ನೇ ಗ್ರೂಪಿಗೆ ಹಾಕಿ.