ಅನ್ಯುರಿಸಂ ಸಂಶೋಧನೆಗೆ ಹಣ ಕೇಳಿದ ನನ್ನ ಅನುಭವ

ನಾನು ನ್ಯೂರೋಸರ್ಜನ್. ಕಲಿಸುವುದು ಒಂದು ಮೆಡಿಕಲ್ ಕಾಲೇಜಿನಲ್ಲಿ. ಸಂಶೋಧನೆಗೆ ಗ್ರಾಂಟ್ ಹೇಗೆ ಸಿಕ್ಕಿತು ಅಂತ ಕಿರಿಯರು ಆಗಾಗ ಕೇಳುತ್ತಾರೆ. ನಾನು ಹೋದ ದಾರಿ ಇದು.

ಪ್ರಶ್ನೆ ಹುಟ್ಟಿದ್ದು ವಾರ್ಡಿನಲ್ಲೇ. ಮೆದುಳಿನ ರಕ್ತನಾಳ ಗುಳ್ಳೆಯ ಹಾಗೆ ಉಬ್ಬಿ (ಇದೇ ಅನ್ಯುರಿಸಂ) ಒಡೆದವರಿಗೆ, ಆ ಗುಳ್ಳೆಗೆ ರಕ್ತ ಹೋಗದಂತೆ ಕ್ಲಿಪ್ ಅಥವಾ ಕಾಯಿಲ್ (ಸಣ್ಣ ತಂತಿಯ ಸುರುಳಿ) ಹಾಕುವುದರ ಜೊತೆಗೆ ನಿಮೋಡಿಪಿನ್ ಅನ್ನುವ ಔಷಧಿ ಕೊಡುತ್ತೇವೆ. ನಾಲ್ಕು ಗಂಟೆಗೊಮ್ಮೆ 60 ಮಿಲಿಗ್ರಾಂ, 21 ದಿನ. 30 ಮಿಲಿಗ್ರಾಂ ಮಾತ್ರೆಯಾದರೆ ಒಬ್ಬರಿಗೆ ಒಟ್ಟು 252 ಬೇಕು. 1989ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 554 ರೋಗಿಗಳಿದ್ದರು. ರಕ್ತ ಸಿಗದೆ ಮೆದುಳಿನ ಭಾಗ ಸಾಯುವುದು ಈ ಔಷಧಿ ತೆಗೆದುಕೊಂಡವರಲ್ಲಿ ಶೇ. 22, ತೆಗೆದುಕೊಳ್ಳದವರಲ್ಲಿ ಶೇ. 33. ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ?

ಆಸ್ಪತ್ರೆಯಲ್ಲಿದ್ದಷ್ಟು ದಿನ ನರ್ಸ್ ಎಬ್ಬಿಸಿ ಕೊಡುತ್ತಾರೆ. ಆಮೇಲೆ? ಡಿಸ್ಚಾರ್ಜ್ ದಿನ ಒಬ್ಬ ಹುಡುಗ ಚೀಟಿ ಹಿಡಿದುಕೊಂಡು ಕೇಳಿದ: "ಸರ್, ರಾತ್ರಿ ಎರಡು ಗಂಟೆಗೂ ಅಮ್ಮನ್ನ ಎಬ್ಬಿಸ್ಬೇಕಾ? ನಮ್ಮೂರ ಮೆಡಿಕಲ್ ಶಾಪಲ್ಲಿ ಇದು ಸಿಗುತ್ತಾ?" ಮನೆಗೆ ಹೋದವರಲ್ಲಿ ಎಷ್ಟು ಜನ 21 ದಿನ ಪೂರ್ತಿ ಮಾಡುತ್ತಾರೆ, ಯಾವ ಹೊತ್ತಿನ ಮಾತ್ರೆ ತಪ್ಪುತ್ತದೆ, ಯಾಕೆ ತಪ್ಪುತ್ತದೆ? ಇದನ್ನೇ ಬರೆದುಕೊಂಡೆ.

ಮೊದಲು ಅರ್ಜಿ ಹಾಕಿದ್ದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ತನ್ನ ವ್ಯಾಪ್ತಿಯ ಕಾಲೇಜುಗಳ ಅಧ್ಯಾಪಕರಿಗೆ ಅದು ಸಂಶೋಧನಾ ಹಣ ಕೊಡುತ್ತದೆ. ಮೊತ್ತ ಚಿಕ್ಕದಾದರೂ ಅದರಿಂದ ಒಂದಷ್ಟು ಸ್ವಂತ ಡೇಟಾ ಕೈಗೆ ಬಂತು. ಆಮೇಲೆ ಐಸಿಎಂಆರ್‌ಗೆ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅರ್ಜಿ ಬರೆಯುವಾಗ ಆ ಡೇಟಾ ತುಂಬಾ ಕೆಲಸಕ್ಕೆ ಬಂತು. "ನಮ್ಮಲ್ಲಿ ಇಂಥ ಸಮಸ್ಯೆ ಇದೆ" ಅಂತ ಸುಮ್ನೆ ಹೇಳುವುದಕ್ಕೂ ಒಂದು ಕೋಷ್ಟಕ ತೋರಿಸುವುದಕ್ಕೂ ಅಜಗಜಾಂತರ.

ನಾನು ಹೆಚ್ಚು ಹೊತ್ತು ಕೂತಿದ್ದು ಬಜೆಟ್ ಮೇಲೆ. ಸರ್ಜನ್‌ಗಳಿಗೆ ಯಂತ್ರದ ಮೇಲೆ ಕಣ್ಣು ಜಾಸ್ತಿ. ರಕ್ತದ ಹರಿವು ನೋಡುವ ಹೊಸ ಡಾಪ್ಲರ್ ಯಂತ್ರ ಬರೆಯೋಣ ಅಂತ ಸಹೋದ್ಯೋಗಿಗಳೂ ಹೇಳಿದರು. ಇಲಾಖೆಯಲ್ಲಿ ಇರುವುದೇ ಸಾಕು ಅಂತ ನಾನು ಬಹುಪಾಲು ಹಣವನ್ನು ಒಬ್ಬ ಸಂಶೋಧನಾ ನರ್ಸ್ ಸಂಬಳಕ್ಕೆ ಕೇಳಿದೆ. ದಿನಾ ರೋಗಿಯ ಮನೆಗೆ ಫೋನ್ ಮಾಡಿ, ಖಾಲಿಯಾದ ಸ್ಟ್ರಿಪ್ ಲೆಕ್ಕ ಹಾಕಿ, ಕೊನೆಗೆ ರೋಗಿ ನಡೆಯುತ್ತಾರಾ, ಸ್ವಂತ ಕೆಲಸ ಮಾಡಿಕೊಳ್ಳುತ್ತಾರಾ ಅಂತ ರ‍್ಯಾಂಕಿನ್ ಸ್ಕೋರ್ ಬರೆಯುವವರು ಬೇಕಿತ್ತು. ಐಸಿಎಂಆರ್ ಸಂದರ್ಶನದಲ್ಲಿ, "ಎಸ್ಎಂಎಸ್ ಕಳಿಸಿದರೆ ಆಗದೇ?" ಎಂದು ಕೇಳಿದರು. ಐಸಿಎಂಆರ್ ಹಣದಿಂದಲೇ 31 ಕೇಂದ್ರಗಳಲ್ಲಿ ನಡೆದ ಸ್ಪ್ರಿಂಟ್ ಇಂಡಿಯಾ ಪ್ರಯೋಗವನ್ನು ನೆನಪಿಸಿದೆ. ಅದರಲ್ಲಿ ಸ್ಟ್ರೋಕ್ ಆದವರಿಗೆ ಅವರವರ ಭಾಷೆಯಲ್ಲೇ ಎಸ್ಎಂಎಸ್, ವಿಡಿಯೊ, ಪುಸ್ತಿಕೆ ಕೊಟ್ಟಿದ್ದರು. ಮತ್ತೆ ಸ್ಟ್ರೋಕ್ ಬರುವುದು ಅದರಿಂದ ಕಡಿಮೆಯಾಗಲಿಲ್ಲ. ಹಾಗಾಗಿ ಮಾತನಾಡಿ ತೊಂದರೆ ಕೇಳುವ ಮನುಷ್ಯರೇ ಬೇಕು ಅಂದೆ. ಗ್ರಾಂಟ್ ಮಂಜೂರಾಯಿತು.

ಪ್ರಶಸ್ತಿಗಳ ಬಗ್ಗೆಯೂ ಕೇಳುತ್ತಾರೆ. ಸಮ್ಮೇಳನದ ಉತ್ತಮ ಪ್ರಬಂಧ ಪ್ರಶಸ್ತಿ ಉತ್ಸಾಹ ಕೊಡುತ್ತದೆ, ನರ್ಸ್ ಸಂಬಳ ಕೊಡುವುದಿಲ್ಲ. ಅಮೆರಿಕದಲ್ಲಿ ಪ್ರಶಸ್ತಿ, ಗ್ರಾಂಟ್ ಎರಡೂ ಎಷ್ಟೋ ಕಡೆ ಒಂದೇ. ಅಲ್ಲಿನ ನ್ಯೂರೋಸರ್ಜನ್‌ಗಳ ಸೆರೆಬ್ರೋವ್ಯಾಸ್ಕುಲರ್ (ಮೆದುಳಿನ ರಕ್ತನಾಳಗಳ) ವಿಭಾಗ ನ್ಯೂರೋಸರ್ಜನ್ ರಾಬರ್ಟ್ ಡೆಂಪ್ಸಿ ಹೆಸರಿನಲ್ಲಿ ಕೊಡುವ ಪ್ರಶಸ್ತಿಯೇ ಸಂಶೋಧನೆಗೆ ಹಣ. 1994ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಬ್ರೈನ್ ಅನ್ಯುರಿಸಂ ಫೌಂಡೇಶನ್ ಪ್ರತಿ ವರ್ಷ ಗ್ರಾಂಟ್ ಕೊಡುತ್ತದೆ. ಹಲವು ಗ್ರಾಂಟ್‌ಗಳಿಗೆ ಈ ಕಾಯಿಲೆಯಿಂದ ತೀರಿಕೊಂಡವರ ಹೆಸರಿದೆ, ಹಣ ಕೂಡಿಸಿದವರು ಅವರ ಮನೆಯವರು. ನಮ್ಮಲ್ಲೂ ರೋಗಿಗಳ ಕುಟುಂಬಗಳು ಹೀಗೆ ಮುಂದೆ ಬರಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಹಣ ಬಂದ ಮೇಲೆ ಲೆಕ್ಕದ ಕೆಲಸವೂ ಇದೆ. ವರ್ಷ ಮುಗಿದಾಗ ಯುಟಿಲೈಸೇಶನ್ ಸರ್ಟಿಫಿಕೇಟ್ (ಹಣ ಹೇಗೆ ಖರ್ಚಾಯಿತು ಅನ್ನುವ ಪ್ರಮಾಣಪತ್ರ) ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಕಾಲೇಜಿನ ಅಕೌಂಟ್ಸ್ ಸೆಕ್ಷನ್‌ನವರನ್ನು ಅರ್ಜಿ ಬರೆಯುವಾಗಲೇ ಕೂರಿಸಿಕೊಳ್ಳಿ. ಎಥಿಕ್ಸ್ ಸಮಿತಿಯ ಅನುಮತಿಗೂ ಆಗಲೇ ಅರ್ಜಿ ಕೊಟ್ಟುಬಿಡಿ. ಎಂಬಿಬಿಎಸ್ ವಿದ್ಯಾರ್ಥಿಗಳಿದ್ದರೆ ಐಸಿಎಂಆರ್‌ನ ಎರಡು ತಿಂಗಳ ಎಸ್‌ಟಿಎಸ್‌ಗೆ (ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನಾ ಯೋಜನೆ) ಅರ್ಜಿ ಹಾಕಿಸಿ, ನಿಮ್ಮ ಪ್ರಶ್ನೆಯ ಒಂದು ತುಂಡನ್ನು ಅವರಿಗೇ ಬಿಟ್ಟುಕೊಡಿ. ರಾತ್ರಿ ಎರಡು ಗಂಟೆಯ ಮಾತ್ರೆಯ ಲೆಕ್ಕವನ್ನು ನಮ್ಮಲ್ಲಿ ಬರೆದಿದ್ದು ಎರಡನೇ ವರ್ಷದ ಹುಡುಗಿ.